ಬೆಟ್ಟದ ಮನೆಗೆ ಬೆಳಗಿನ ನೀರು

ಒಮಾನಿನಲ್ಲಿ ಮನೆ ಬೆಚ್ಚಗೆ ಮಾಡುವ ಬಾಯ್ಲರ್ ರಿಪೇರಿಗೆ ಹೋಗಿದ್ದೆವು ಎಂದಾಗ ಫೋನಿನ ಆ ಕಡೆ ನನ್ನ ತಮ್ಮ ಬಿದ್ದು ಬಿದ್ದು ನಕ್ಕ. "ಅಲ್ಲಿ ಮನೆ ಬಿಸಿ ಮಾಡ್ಲಿಕ್ಕೆ ಮೆಷಿನ್ ಬೇಕಾ ಅಕ್ಕ? ಕಿಟಕಿ ತೆರೆದ್ರೆ ಸಾಕಲ್ಲ?" ಅವನ ತಪ್ಪಲ್ಲ. ಉಡುಪಿ ಕಡೆಯವರಿಗೆ ಗಲ್ಫ್ ಎಂದರೆ ಮರಳು, ಬಿಸಿಲು ಮತ್ತು ಏರ್‌ಪೋರ್ಟು. ನಿಜ್ವಾದ ನಮ್ಮ ಫ್ಲಾಟಿನಲ್ಲೂ ಮೇ ತಿಂಗಳಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತದೆ. ಆದರೆ ಅದೇ ನಿಜ್ವಾದಿಂದ ಹೊರಟು, ತಪ್ಪಲಿನ ಪೊಲೀಸ್ ಚೌಕಿ ದಾಟಿ ಜಬಲ್ ಅಖ್ದರ್ ಬೆಟ್ಟ ಹತ್ತಿದರೆ ಚಳಿಗಾಲದಲ್ಲಿ ಹಲ್ಲು ಕಟಕಟ ಎನ್ನುತ್ತದೆ. ಫೋರ್-ವೀಲ್ ಅಲ್ಲದ ಗಾಡಿಯನ್ನು ಚೌಕಿಯವರು ಮೇಲೆ ಬಿಡುವುದಿಲ್ಲ. ಬೆಳಿಗ್ಗೆ ಹೊರಗಿಟ್ಟ ಬಕೆಟಿನ ನೀರಿನ ಮೇಲೆ ಮಂಜಿನ ಕೆನೆ ಕಟ್ಟಿರುವುದನ್ನು ನಾನೇ ನೋಡಿದ್ದೇನೆ.

ನನ್ನ ಗಂಡ ಏಸಿ ಮೆಕ್ಯಾನಿಕ್. ಮೂವತ್ತು ವರ್ಷದಿಂದ ಒಮಾನಿನವರ ಮನೆಗಳನ್ನು ತಣ್ಣಗೆ ಮಾಡುವುದೇ ಅವನ ಕಸುಬು. ಬೆಟ್ಟದ ಮೇಲಿನ ಒಂದು ಹೋಟೆಲಿನಲ್ಲಿ ಸ್ವಲ್ಪ ಕಾಲ ಬಾಯ್ಲರ್ ನೋಡಿಕೊಂಡಿದ್ದರಿಂದ ಬಿಸಿ ಮಾಡುವುದೂ ಅವನಿಗೆ ಗೊತ್ತು ಎಂಬ ಸುದ್ದಿ ಹಬ್ಬಿತ್ತು. ನಾನು ಇಂಡಿಯನ್ ಸ್ಕೂಲಿನ ಆಫೀಸಿನಲ್ಲಿ ಕೆಲಸ ಮಾಡುವವಳು. ಮನೆಯಲ್ಲಿ ನಾವಿಬ್ಬರೂ ಆಡುವುದು ಕೊಂಕಣಿ, ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಗಂಡನಿಗೆ 'ನೀನು' ಎನ್ನುವುದೇ ರೂಢಿ, ಅದಕ್ಕೆ ಯಾರೂ ಹುಬ್ಬೇರಿಸಬೇಕಾಗಿಲ್ಲ.

ಆ ವರ್ಷ ಮಳೆ ಮುಗಿಯುವ ಹೊತ್ತಿಗೆ ಊರಿನಲ್ಲಿ ನನ್ನ ಅಮ್ಮ ತೀರಿಕೊಂಡಿದ್ದಳು. ನಾನು ಹೋದೆ, ಮಣ್ಣು ಹಾಕಿದೆ, ಏಳನೇ ದಿನದ ಪೂಜೆಗೆ ಬಂದವರಿಗೆ ಊಟ ಬಡಿಸಿದೆ, ರಜೆ ಮುಗಿಯಿತು, ಬಂದೆ. ಅಳು ಬರಲಿಲ್ಲ. "ಗಟ್ಟಿಗಿತ್ತಿ" ಎಂದರು ಚರ್ಚಿನ ಹೆಂಗಸರು. ಗಟ್ಟಿಯೂ ಇಲ್ಲ, ಮೆತ್ತಗೂ ಇಲ್ಲ, ನನಗೆ ಏನೂ ಆಗುತ್ತಿರಲಿಲ್ಲ ಅಷ್ಟೆ. ಊಟಕ್ಕೆ ಉಪ್ಪು ಹೆಚ್ಚಾದದ್ದು ಗಂಡ ಹೇಳಿದ ಮೇಲೆ ತಿಳಿಯುತ್ತಿತ್ತು. ಸ್ಕೂಲಿನಲ್ಲಿ ಫೈಲು ತೆಗೆದು ಅದನ್ನು ಯಾಕೆ ತೆಗೆದೆ ಎಂದು ಮರೆತು ಕೂತಿರುತ್ತಿದ್ದೆ. ಹಲ್ಲಿನ ಡಾಕ್ಟರು ಸೂಜಿ ಹಾಕಿದ ಮೇಲೆ ಕೆನ್ನೆ ಇರುತ್ತದಲ್ಲ, ಹಾಗೆ ಇದ್ದೆ ನಾನು, ಇಡೀ ಹೆಂಗಸು.

ಡಿಸೆಂಬರಿನ ಕೊನೆಯಲ್ಲಿ ಬೆಟ್ಟದ ಮೇಲಿನ ಒಂದು ಮನೆಯಿಂದ ಗಂಡನಿಗೆ ಫೋನು ಬಂತು. ಆ ಮನೆಯ ಯಜಮಾನ ಎಲ್ಲೋ ಚಳಿ ದೇಶದಲ್ಲಿ ತರಬೇತಿಗೆ ಹೋಗಿದ್ದಾಗ ಅಲ್ಲಿನ ಮನೆಗಳನ್ನು ನೋಡಿ, ನಿವೃತ್ತನಾದ ಮೇಲೆ ತನ್ನ ಮನೆಗೂ ಬಾಯ್ಲರ್ ಮತ್ತು ಗೋಡೆಗೆಲ್ಲ ಬಿಸಿನೀರು ಹರಿಯುವ ಕಬ್ಬಿಣದ ರೇಡಿಯೇಟರ್ ಹಾಕಿಸಿದ್ದನಂತೆ. ಅವನು ನವೆಂಬರಿನಲ್ಲಿ ತೀರಿಕೊಂಡಿದ್ದ. ಈಗ ಮನೆಯಲ್ಲಿ ಅವನ ಹೆಂಡತಿ, ಮತ್ತು ಬೆಟ್ಟದ ಶಾಲೆಯಲ್ಲೇ ಇಂಗ್ಲಿಷ್ ಕಲಿಸುವ ಮಗಳು. ಬಾಯ್ಲರ್ ದಿನಾ ಸಂಜೆ ಹೊತ್ತಿಗೆ ನಿಂತುಹೋಗುತ್ತದೆ ಎಂದು ದೂರು. ಮಗಳು ಗಂಡನಿಗೆ ಹೇಳಿದ್ದಳು, "ಜೊತೆಗೆ ಒಬ್ಬ ಹೆಂಗಸನ್ನು ಕರ್ಕೊಂಡು ಬನ್ನಿ."

"ನೀನು ಬಾ" ಎಂದ ಗಂಡ. "ಅಲ್ಲಿ ಆ ಅಮ್ಮ ಇದ್ದತ್‌ನಲ್ಲಿ ಇದ್ದಾರಂತೆ. ಹೊರಗಿನ ಗಂಡಸರು ಅವರ ಕಣ್ಣಿಗೆ ಬೀಳುವ ಹಾಗಿಲ್ಲ. ನಾನು ರೂಮ್ ರೂಮಿಗೆ ನುಗ್ಲಿಕ್ಕೆ ಆಗ್ತದಾ?"

"ನನಗೆ ಸ್ಪ್ಯಾನರ್ ಹಿಡಿಲಿಕ್ಕೆ ಬರುದಿಲ್ಲ."

"ಕೈ ಉಂಟಲ್ಲ? ಮುಟ್ಟಿ ಬಿಸಿಯಾ ತಣ್ಣಗಾ ಅಂತ ಹೇಳಿದ್ರೆ ಸಾಕು."

ಶುಕ್ರವಾರ ಹೋದೆವು. ಮಗಳು ಖಾವಾ ಎಂಬ ಅರಬಿ ಕಾಫಿ ಕೊಟ್ಟು, ಖರ್ಜೂರದ ತಟ್ಟೆ ಮುಂದಿಟ್ಟು, ಮೊದಲು ವಿಷಯ ತಿಳಿಸಿದಳು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಗಂಡನ ಮನೆಯಲ್ಲೇ ಇರಬೇಕು, ಅಲಂಕಾರ ಮಾಡಿಕೊಳ್ಳಬಾರದು, ಸುಮ್ಮಸುಮ್ಮನೆ ಹೊರಗೆ ಹೋಗಬಾರದು. ಮಸ್ಕತ್ತಿನಲ್ಲಿರುವ ಅಣ್ಣನಿಗೆ ತಾಯಿಯ ಎದೆಯ ಚಿಂತೆ, ಹೋದ ವರ್ಷ ನ್ಯುಮೋನಿಯಾ ಆಗಿತ್ತು. ಕಷ್ಟವಿದ್ದರೆ ಮನೆ ಬದಲಿಸಬಹುದು ಎಂದು ತಿಳಿದವರು ಹೇಳಿದ್ದಾರೆ, ಬಾಯ್ಲರ್ ಸರಿಯಾಗದಿದ್ದರೆ ಕೆಳಗೆ ನಿಜ್ವಾದ ನೆಂಟರ ಮನೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಅವನ ಹಟ. ಈ ಮನೆಯ ಹೊಸ್ತಿಲು ದಾಟುವುದಿಲ್ಲ ಎಂದು ತಾಯಿಯ ಹಟ. "ಆಂಟಿ, ಇದು ಕೆಲಸ ಮಾಡಿದರೆ ಮಾತ್ರ ಅಮ್ಮ ಇಲ್ಲಿ ಇರಬಹುದು" ಎಂದಳು ಇಂಗ್ಲಿಷಿನಲ್ಲಿ. ಅವಳ ಮೂಗು ಚಳಿಗೆ ಕೆಂಪಾಗಿತ್ತು. ನನಗೆ ಚಳಿ ಅನಿಸುತ್ತಿರಲಿಲ್ಲ. ಗಂಡ ಬಲವಂತವಾಗಿ ತೊಡಿಸಿದ ಜಾಕೆಟನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದೆ.

ನಲ್ಲಿ, ಟ್ಯಾಂಕು, ಪಂಪು ಬಿಟ್ಟರೆ ನನಗೆ ನೀರಿನ ವಿದ್ಯೆ ಗೊತ್ತಿಲ್ಲ. ಗಂಡ ನನಗೆ ತಿಳಿಯುವ ಹಾಗೆ ಹೇಳಿದ. ಇದು ನಮ್ಮ ಟೆರೇಸಿನ ಟ್ಯಾಂಕಿನ ಹಾಗಲ್ಲ. ಒಮ್ಮೆ ತುಂಬಿಸಿದ ನೀರೇ ಬಾಯ್ಲರಿನಿಂದ ಎಲ್ಲ ರೇಡಿಯೇಟರುಗಳಿಗೆ ಹೋಗಿ ಮತ್ತೆ ಬಾಯ್ಲರಿಗೇ ಬರುತ್ತದೆ, ಎಲ್ಲೂ ಖರ್ಚಾಗುವುದಿಲ್ಲ. ಬಾಯ್ಲರಿನ ಮುಖದ ಮೇಲೆ ಗಡಿಯಾರದ ಹಾಗೆ ಒಂದು ಗೇಜು. ಅದರ ಮುಳ್ಳು ಹಸಿರು ಪಟ್ಟಿಯೊಳಗೆ ನಿಲ್ಲಬೇಕು. ಪ್ರೆಶರ್ ತೀರ ಕೆಳಗೆ ಬಿದ್ದರೆ ಬಾಯ್ಲರ್ ತಾನಾಗಿ ಆರಿಹೋಗುತ್ತದೆ. ತೀರ ಮೇಲೆ ಹೋದರೆ ಸೇಫ್ಟಿ ವಾಲ್ವ್ ತೆರೆದು ನೀರನ್ನು ಹೊರಗೆ ಉಗುಳುತ್ತದೆ. ಹೊರಗೋಡೆಯಲ್ಲಿ ಆ ವಾಲ್ವಿನ ಪೈಪಿನ ಕೆಳಗೆ ನೆಲ ಪಾಚಿ ಹಿಡಿದಿತ್ತು. "ನೋಡು, ಉಗುಳಿ ಉಗುಳಿ ಹೀಗಾಗಿದೆ" ಎಂದ, ಕಳ್ಳನ ಹೆಜ್ಜೆ ಸಿಕ್ಕವನ ಹಾಗೆ.

ಬಾಯ್ಲರ್ ಇದ್ದದ್ದು ಮನೆಯೊಳಗೇ, ಆ ಅಮ್ಮನ ಕೋಣೆಯ ಹೊರಗಿನ ಓಣಿಯಲ್ಲಿ. ಬಾಗಿಲು ಮುಚ್ಚಿಕೊಂಡು ಅವರು ಒಳಗಿದ್ದಾಗ ಗಂಡ ಓಣಿಯಲ್ಲಿ ಕೆಲಸ ಮಾಡಿದ. ನಾನು ಕೋಣೆ ಕೋಣೆಗೆ ಹೋಗಿ ರೇಡಿಯೇಟರ್ ಮುಟ್ಟುವುದು, ಅಲ್ಲಿಂದ ಕೂಗುವುದು.

"ಓಯ್, ಮೇಲೆ ಬಿಸಿಯಾ? ಕೆಳಗೆ?"

ಎರಡೂ ಕೈ ಇಟ್ಟೆ. ಕಬ್ಬಿಣ ಎಂದು ತಿಳಿಯಿತು. "ಗೊತ್ತಾಗುದಿಲ್ಲ ಮಾರಾಯ."

"ಗೊತ್ತಾಗುದಿಲ್ಲ ಅಂದ್ರೆ ಎಂತ? ಕೈಯಾ ಸೌಟಾ ಅದು?"

ಕೊನೆಗೆ ಮಗಳೇ ಮುಟ್ಟಿ ಹೇಳಿದಳು, ನಾನು ಕೊಂಕಣಿಯಲ್ಲಿ ಕೂಗಿದೆ. ಅಷ್ಟಕ್ಕೆ ನನ್ನನ್ನು ಬೆಟ್ಟ ಹತ್ತಿಸಬೇಕಿತ್ತಾ ಎಂದು ಯೋಚಿಸಿದೆ. ಮನಸ್ಸಿಗೆ ಬೇಸರವೂ ಆಗಲಿಲ್ಲ. ಆ ಅಮ್ಮನ ಕೋಣೆಗೆ ಹೋದಾಗ ಅವರು ನೆಲದ ಹಾಸಿಗೆಯ ಮೇಲೆ ಸಾದಾ ಬಟ್ಟೆಯಲ್ಲಿ ಕೂತಿದ್ದರು. ನನಗಿಂತ ಹೆಚ್ಚು ವಯಸ್ಸಿಲ್ಲ. "ಉಖ್ತಿ" ಎಂದು ಕರೆದು ಪಕ್ಕದಲ್ಲಿ ಜಾಗ ಕೊಟ್ಟರು. ಹಾಗೆಂದರೆ 'ನನ್ನ ತಂಗಿ'. ನನಗೆ ಬರುವುದು ಮಾರ್ಕೆಟಿನ ಅರಬಿ, ಅದರಲ್ಲಿ ಟೊಮೆಟೊ ಕೊಳ್ಳಬಹುದು, ದುಃಖ ವಿಚಾರಿಸಲಾಗುವುದಿಲ್ಲ. ಅವರ ಪಕ್ಕದಲ್ಲಿ ಕೂತೆ.

ಗಂಡನಿಗೆ ಕಾರಣ ಸಿಕ್ಕಿತು. ಬಾಯ್ಲರಿನ ಪಕ್ಕದಲ್ಲಿ ಒಂದು ಕೆಂಪು ಡಬ್ಬ, ಅದರೊಳಗೆ ರಬ್ಬರಿನ ಪರದೆ, ಪರದೆಯ ಒಂದು ಕಡೆ ಗಾಳಿ, ಇನ್ನೊಂದು ಕಡೆ ನೀರು. ನೀರು ಬಿಸಿಯಾಗಿ ಹಿಗ್ಗಿದಾಗ ಆ ಗಾಳಿ ಹಿಂದೆ ಸರಿದು ಜಾಗ ಬಿಡಬೇಕು. ಈ ಡಬ್ಬದ ಗಾಳಿಯೆಲ್ಲ ಯಾವಾಗಲೋ ಹೋಗಿತ್ತು. ಜಾಗವಿಲ್ಲದ ನೀರು ಬಿಸಿಯಾದಾಗ ಸೇಫ್ಟಿ ವಾಲ್ವ್ ದಾಟಿ ಹೊರಗೆ ಬೀಳುತ್ತದೆ, ತಣ್ಣಗಾದಾಗ ಕಮ್ಮಿ ಬೀಳುತ್ತದೆ, ಬಾಯ್ಲರ್ ನಿಲ್ಲುತ್ತದೆ. ಗಂಡ ನೀರಿಳಿಸಿ, ಕಾರಿನ ಟೈರಿಗೆ ಗಾಳಿ ಹೊಡೆಯುವ ಪಂಪನ್ನೇ ಡಬ್ಬಕ್ಕೆ ಸಿಕ್ಕಿಸಿ ಗಾಳಿ ತುಂಬಿದ. ಮತ್ತೆ ನೀರು ತುಂಬಿ ಮುಳ್ಳನ್ನು ಹಸಿರಿಗೆ ತಂದ. "ಖಲಾಸ್" ಎಂದು ಕೈ ಒರೆಸಿಕೊಂಡ. ದಾರಿಯುದ್ದಕ್ಕೂ ಅವನ ಸಿಳ್ಳೆ ಕೇಳಿಸಿಕೊಂಡು ಕೆಳಗಿಳಿದೆ.

ವಾರ ಕಳೆಯುವಷ್ಟರಲ್ಲಿ ಬಾಯ್ಲರ್ ಮತ್ತೆ ನಿಂತಿತು. ಈ ಸಲ ಫೋನು ಮಾಡಿದ್ದು ಮಸ್ಕತ್ತಿನಲ್ಲಿರುವ ಮಗ. ಬೈಯಲಿಲ್ಲ, ಅದೇ ಕಷ್ಟ. ಇನ್ನೊಮ್ಮೆ ನೋಡಿ, ಆಗದಿದ್ದರೆ ಮುಂದಿನ ಶುಕ್ರವಾರ ಅಮ್ಮನನ್ನು ಕೆಳಗೆ ತರುತ್ತೇನೆ, ಅವರು ಅತ್ತರೂ ತರುತ್ತೇನೆ ಎಂದನಂತೆ. ಗಂಡನ ಸಿಳ್ಳೆ ನಿಂತಿತು. ಅವನಿಗೆ ಅರ್ಥವಾಗದ್ದು ಒಂದೇ. ಮಗಳು ಹೇಳುವ ಪ್ರಕಾರ ಈಗ ಬೆಳಿಗ್ಗೆ, ಎಲ್ಲ ತಣ್ಣಗಿರುವಾಗಲೇ ಮುಳ್ಳು ಹಸಿರು ದಾಟಿ ಮೇಲಿರುತ್ತದೆ. ಆಮೇಲೆ ಬಿಸಿಯಾದಾಗ ವಾಲ್ವ್ ಉಗುಳುತ್ತದೆ. ಹಳೇ ವಾಲ್ವ್, ಒಮ್ಮೆ ತೆರೆದರೆ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ, ಸಂಜೆಗೆ ಎಲ್ಲ ಖಾಲಿ.

"ಮುಚ್ಚಿದ ಪೈಪಿನಲ್ಲಿ ನೀರು ತನ್ನಷ್ಟಕ್ಕೆ ಹೆಚ್ಚಾಗುದಿಲ್ಲ" ಎಂದ ಅವನು ಡ್ರೈವ್ ಮಾಡುತ್ತಾ. "ಎಲ್ಲಿಂದಲೋ ಒಳಗೆ ಬರ್ತಾ ಉಂಟು. ನೀರು ತುಂಬಿಸುವ ನಲ್ಲಿ ಲೀಕ್ ಇರ್ಬೇಕು."

ಆ ದಿನ ಸೇಫ್ಟಿ ವಾಲ್ವ್ ಬದಲಾಯಿಸಿದ, ತುಂಬಿಸುವ ನಲ್ಲಿಯನ್ನೂ ಬದಲಾಯಿಸಿದ. ಆದರೂ ಅವನಿಗೆ ಸಮಾಧಾನವಿಲ್ಲ, ಬೆಳಿಗ್ಗೆ ಮುಳ್ಳು ಎಲ್ಲಿರುತ್ತದೆಂದು ಕಣ್ಣಾರೆ ನೋಡಬೇಕು. ಹಾಗಾಗಿ ಉಳಿದೆವು. ಅವನು ಹೊರಗಿನ ಬಾಗಿಲಿರುವ ಮಜ್ಲಿಸಿನಲ್ಲಿ, ಅಂದರೆ ಗಂಡಸರು ಕೂರುವ ಕೋಣೆಯಲ್ಲಿ. ನಾನು ಒಳಗೆ ಮಗಳ ಜೊತೆ. ಮಲಗುವ ಮೊದಲು ಗೇಜಿನ ಫೋಟೋ ತೆಗೆದೆ. ಬೆಳಿಗ್ಗೆ ಬೇಗ ಎದ್ದು ಇನ್ನೊಂದು ತೆಗೆಯಬೇಕೆಂದು ಅಪ್ಪಣೆಯಾಗಿತ್ತು.

ಮಸೀದಿಯ ಬಾಂಗ್ ಕೇಳಿ ಸ್ವಲ್ಪ ಹೊತ್ತಿನ ಮೇಲೆ ಎದ್ದೆ. ಮಗಳು ನಮಾಜು ಮುಗಿಸಿ ಮತ್ತೆ ಮಲಗಿದ್ದಳು. ಓಣಿಗೆ ಬಂದರೆ ಬಾಯ್ಲರಿನ ಮುಂದೆ ಆ ಅಮ್ಮ ನಿಂತಿದ್ದರು. ಬಿಸ್ಮಿಲ್ಲಾ ಎಂದು ಮೆಲ್ಲಗೆ ಹೇಳಿ, ನನ್ನ ಗಂಡ ನಿನ್ನೆಯಷ್ಟೇ ಹಾಕಿದ್ದ ಹೊಸ ನಲ್ಲಿಯನ್ನು ತಿರುಗಿಸಿದರು. ಸ್ಸ್ ಎಂದು ನೀರು ಒಳಗೆ ಹೋಗುವ ಸದ್ದು. ಒಂದು ಅಂಗೈಯನ್ನು ಪೈಪಿನ ಮೇಲಿಟ್ಟು ಕಣ್ಣು ಮುಚ್ಚಿ ಆ ಸದ್ದನ್ನು ಕೇಳಿಸಿಕೊಂಡರು. ಗೇಜಿನ ಕಡೆ ನೋಡಲೇ ಇಲ್ಲ. ಆಮೇಲೆ ನಲ್ಲಿ ಮುಚ್ಚಿ, ಹಿಡಿಯ ಮೇಲಿನ ನೀರಿನ ಹನಿಯನ್ನು ತಮ್ಮ ಮುಸುಕಿನ ಅಂಚಿನಿಂದ ಒರೆಸಿದರು.

ನನ್ನನ್ನು ಕಂಡು ಬೆಚ್ಚಲಿಲ್ಲ. ಮನೆಕೆಲಸ ಮಾಡುವಾಗ ನೆಂಟರು ಬಂದರೆ ನಗುತ್ತೇವಲ್ಲ, ಹಾಗೆ ನಕ್ಕರು. ಅವರ ಮಾತು ನನಗೆ ಪೂರ್ತಿ ತಿಳಿಯಲಿಲ್ಲ, ತಿಳಿಯಬೇಕಾದಷ್ಟು ತಿಳಿಯಿತು. ಅವರು ಹೇಳಿದ್ದು ಇಷ್ಟು: ಗಂಡ ದಿನಾ ಬೆಳಗಿನ ನಮಾಜಾದ ಮೇಲೆ ಮನೆಗೆ ನೀರು ಕೊಡುತ್ತಿದ್ದ. ಹಾಸಿಗೆಯಲ್ಲಿ ಮಲಗಿ ಈ ಸದ್ದು ಕೇಳುತ್ತಿದ್ದೆ. ಸದ್ದು ನಿಂತ ಮೇಲೆ ಅವನು ಬಂದು 'ಬೆಚ್ಚಗಾಗ್ತದೆ, ಮಲಗು' ಎನ್ನುತ್ತಿದ್ದ. ಈಗ ಅವನಿಲ್ಲ, ನಾನು ಕೊಡುತ್ತೇನೆ.

ಪಾಪ, ಆ ಮನುಷ್ಯ. ಡಬ್ಬದ ಗಾಳಿ ಹೋದದ್ದು ಅವನಿಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಮುಳ್ಳು ಕೆಳಗಿರುವುದನ್ನು ಕಂಡು ನಮ್ಮ ಟ್ಯಾಂಕಿಗೆ ನಾವು ತುಂಬಿಸುವ ಹಾಗೆ ದಿನಾ ತುಂಬಿಸಿದ್ದ. ಆಗ ಅದು ಬೇಕೂ ಇತ್ತು. ನನ್ನ ಗಂಡ ಡಬ್ಬ ಸರಿಮಾಡಿದ ಮೇಲೆ ಅದೇ ನೀರು ಹೆಚ್ಚಾಗಿ ಮನೆಯನ್ನು ತಣ್ಣಗೆ ಮಾಡುತ್ತಿತ್ತು. ಈ ಹೆಂಗಸು ಯಾವ ಮನೆ ಬಿಡಲಾರೆ ಎಂದು ಹಟ ಹಿಡಿದಿದ್ದರೋ ಆ ಮನೆಯಿಂದ ಅವರನ್ನು ಹೊರಹಾಕುತ್ತಿದ್ದದ್ದು ಅವರದೇ ಕೈ.

ನನ್ನ ಗಂಡನಿಗೆ ಹೇಳಿದರೆ ನಲ್ಲಿಯ ಹಿಡಿ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ, ಮುಗಿಯಿತು. ಅದು ನನಗೆ ಸರಿಕಾಣಲಿಲ್ಲ. ಗೇಜಿನ ಮುಳ್ಳು ತೋರಿಸಿದೆ, ಹಸಿರು ತೋರಿಸಿದೆ, ಮುಳ್ಳು ಅದನ್ನು ದಾಟಿರುವುದನ್ನು ತೋರಿಸಿದೆ. ಹೊರಗಿನ ಪೈಪಿನ ಕಡೆ ಕೈ ಮಾಡಿ 'ಮನೆ ಉಗುಳುತ್ತದೆ' ಎಂಬುದನ್ನು ಬಾಯಿಂದ ಥೂ ಥೂ ಎಂದು ಅಭಿನಯಿಸಿದೆ. ಸ್ಕೂಲಿನ ವಾರ್ಷಿಕೋತ್ಸವದಲ್ಲೂ ನಾನು ಹಾಗೆ ಕುಣಿದದ್ದಿಲ್ಲ. ನೀರು ಹೆಚ್ಚಾಗಿದೆ, ಆದ್ದರಿಂದ ತಣ್ಣಗಾಗುತ್ತಿದೆ, ಆದ್ದರಿಂದ ನಿಮ್ಮ ಮಗ ಬರುತ್ತಾನೆ ಎಂದೆ. ಅವರಿಗೆ ಎಲ್ಲ ತಿಳಿಯಿತು. ನಗು ಹೋಯಿತು. ನಲ್ಲಿಯ ಹಿಡಿಯನ್ನು ಮುಷ್ಟಿಯಲ್ಲಿ ಹಿಡಿದು ನಿಂತರು.

"ಮತ್ತೆ ಅವನ ಕೆಲಸ?" ಎಂದರು. "ಅವನ ಕೆಲಸ ಯಾರು ಮಾಡುವುದು?"

ಕೈಯಲ್ಲಿ ಫೋನಿತ್ತು. ಗಂಡನಿಗೂ ಹೇಳದಿದ್ದ ಸಂಗತಿಯನ್ನು ಮಾರ್ಕೆಟಿನ ಅರಬಿಯಲ್ಲಿ ಆ ಹೆಂಗಸಿಗೆ ಹೇಳಿದೆ. ನನ್ನ ಅಮ್ಮನ ಫೋನಿಗೆ ಇಲ್ಲಿಂದ ರೀಚಾರ್ಜ್ ಮಾಡುತ್ತಿದ್ದದ್ದು ಯಾವಾಗಲೂ ನಾನೇ. ಒಂದು ದಿನ ತಡವಾದರೆ ಪಕ್ಕದ ಮನೆಯ ಫೋನಿನಿಂದ ಮಾಡಿ ಬೈಯುತ್ತಿದ್ದಳು. ಅವಳು ಸತ್ತ ಮೇಲೂ, ಪ್ಯಾಕ್ ಮುಗಿಯುತ್ತದೆ ಎಂಬ ಮೆಸೇಜು ಬಂದಾಗ, ಹಾಕಿದ್ದೆ. ಮೂರು ತಿಂಗಳ ಪ್ಯಾಕು. ಫೋನು ತಮ್ಮನ ಕಪಾಟಿನಲ್ಲಿ ಅಮ್ಮನ ಜಪಮಾಲೆಯ ಜೊತೆ ಬ್ಯಾಟರಿ ಸತ್ತು ಬಿದ್ದಿದೆ. ನನ್ನ ಅಮ್ಮ, ಮೌತ್, ಎಂದೆ, ಸಾವಿಗೆ ನನಗೆ ಗೊತ್ತಿದ್ದ ಒಂದೇ ಅರಬಿ ಪದ. ನಾನು ದುಡ್ಡು ಹಾಕ್ತೇನೆ, ಎಂದೆ. ನಂಬರ್ ತೋರಿಸಿದೆ.

ಅವರು ಫೋನನ್ನು ಹತ್ತಿರಕ್ಕೆ ಹಿಡಿದು ನೋಡಿದರು. ನಂಬರಿನ ಜೊತೆಗಿದ್ದ ಅಮ್ಮನ ಫೋಟೋವನ್ನು ಹೆಬ್ಬೆರಳಿನಿಂದ ಒರೆಸಿದರು.

"ಮಾತಾಡ್ತಾಳಾ?" ಎಂದು ಕೇಳಿದರು.

"ಇಲ್ಲ."

ಹಿಡಿಯಿಂದ ಕೈ ತೆಗೆದರು. ಮೊದಲು ನಲ್ಲಿಯನ್ನು ತೋರಿಸಿದರು, ಆಮೇಲೆ ಫೋನನ್ನು. "ನಾನು ಹಾಕುವುದಿಲ್ಲ" ಎಂದರು. "ನೀನೂ ಹಾಕಬೇಡ."

ಆಗದು ಎನ್ನಬೇಕೆನಿಸಿತು. ನಿಮ್ಮದು ಬೇರೆ, ನನ್ನದು ಬೇರೆ, ನನ್ನದರಿಂದ ಯಾರ ಮನೆಯೂ ತಣ್ಣಗಾಗುವುದಿಲ್ಲ ಎಂದು ವಾದ ಮಾಡಬೇಕೆನಿಸಿತು. ಅಷ್ಟು ಅರಬಿ ನನಗೆ ಬರುವುದಿಲ್ಲ. ಮತ್ತು ನಾನು ಒಪ್ಪದಿದ್ದರೆ ನಾಳೆ ಬೆಳಿಗ್ಗೆ ಅವರು ಮತ್ತೆ ಹಿಡಿ ತಿರುಗಿಸುತ್ತಾರೆ, ಶುಕ್ರವಾರ ಮಗ ಬರುತ್ತಾನೆ. "ತಮಾಮ್" ಎಂದೆ. ಸರಿ ಎಂದರ್ಥ. ಗೇಜನ್ನು ತೋರಿಸಿ, ಇನ್ನು ಬೆಳಿಗ್ಗೆ ನೋಡುವುದಷ್ಟೇ ನಿಮ್ಮ ಕೆಲಸ, ನನಗೆ ಫೋಟೋ ಕಳಿಸಿ ಎಂದೆ. ಹೆಚ್ಚಾದ ನೀರನ್ನು ಗಂಡ ಆಮೇಲೆ ಇಳಿಸಿದ. ಕಾರಣ ಕೇಳಿ ಹಣೆ ಚಚ್ಚಿಕೊಂಡು, "ಅದಕ್ಕೇ ಹೊಸ ನಲ್ಲಿ ಹಾಕ್ಸಿದ್ಯಾ ನನ್ನಿಂದ?" ಎಂದು ನನ್ನ ಮೇಲೇ ಹರಿಹಾಯ್ದ. ಫೋನಿನ ವಿಷಯ ಅವನಿಗೆ ಹೇಳಲಿಲ್ಲ.

ಅಲ್ಲಿಂದ ದಿನಾ ಬೆಳಿಗ್ಗೆ ಮಗಳ ಫೋನಿನಿಂದ ಒಂದು ಫೋಟೋ. ಮಾತಿಲ್ಲ, ಗೇಜು ಮಾತ್ರ. ಮುಳ್ಳು ಹಸಿರಿನಲ್ಲಿ. ಕೆಲವು ಸಲ ಮೂಲೆಯಲ್ಲಿ ಪೈಪಿನ ಮೇಲಿಟ್ಟ ಬೆರಳುಗಳೂ ಕಾಣುತ್ತಿದ್ದವು. ಬಾಯ್ಲರ್ ಮತ್ತೆ ನಿಲ್ಲಲಿಲ್ಲ. ಮಗ ಶುಕ್ರವಾರಗಳಲ್ಲಿ ಬಂದ, ಬೆಚ್ಚಗಿನ ಮನೆಯಲ್ಲಿ ಊಟ ಮಾಡಿ ಹೋದ. ನಾನು ಬಸ್ಸಿಗೆ ಕಾಯುತ್ತಾ ಫೋಟೋ ನೋಡುತ್ತಿದ್ದೆ, ಒಂದು ಹೆಬ್ಬೆಟ್ಟು ಒತ್ತಿ ಕಳಿಸುತ್ತಿದ್ದೆ. ಸಂತೋಷವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಫೋಟೋ ತಡವಾದ ದಿನ ಮಾತ್ರ ಮತ್ತೆ ಮತ್ತೆ ಫೋನು ತೆಗೆದು ನೋಡುತ್ತಿದ್ದೆ.

ಮಾರ್ಚ್ ತಿಂಗಳಲ್ಲಿ ನನ್ನ ಫೋನಿಗೆ ಆ ಇನ್ನೊಂದು ಮೆಸೇಜು ಬರತೊಡಗಿತು. ಪ್ಯಾಕ್ ಮುಗಿಯುತ್ತಿದೆ, ಬೇಗ ರೀಚಾರ್ಜ್ ಮಾಡಿ. ಆ್ಯಪ್ ತೆರೆದರೆ ಅಮ್ಮನ ನಂಬರ್ ಮೇಲೆಯೇ ಇರುತ್ತದೆ, ಒಮ್ಮೆ ಒತ್ತಿದರೆ ಸಾಕು. ತೆರೆದೆ, ಮುಚ್ಚಿದೆ. ಬೆಟ್ಟದ ಮೇಲಿರುವ ಹೆಂಗಸಿಗೆ ಇದು ಹೇಗೆ ಗೊತ್ತಾಗುತ್ತದೆ ಎಂದುಕೊಂಡೆ. ಮತ್ತೆ ತೆರೆದೆ.

ಇದ್ದತ್ ಮುಗಿದ ದಿನ ಫೋಟೋದ ಕೆಳಗೆ ಮಗಳು ಇಂಗ್ಲಿಷಿನಲ್ಲಿ ಬರೆದಿದ್ದಳು, "ಇಂದಿಗೆ ಪೂರ್ತಿಯಾಯಿತು ಆಂಟಿ. ಅಮ್ಮ ದಾಳಿಂಬೆ ಗಿಡಗಳನ್ನು ನೋಡಲಿಕ್ಕೆ ಹೊರಗೆ ಹೊರಟಿದ್ದಾರೆ." ಅದರ ಹಿಂದೆಯೇ ಆ ಅಮ್ಮನದೇ ದನಿಯಲ್ಲಿ ಒಂದು ವಾಯ್ಸ್ ಮೆಸೇಜು. ನನಗೆ ತಿಳಿಯಲೆಂದು ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದ್ದರು. "ಉಖ್ತಿ, ಒಂದು ದಿನವೂ ತೆರೆಯಲಿಲ್ಲ. ಕಷ್ಟವಾಯಿತು. ನೀನು?"

ಸ್ಕೂಲಿನ ಆಫೀಸಿನಲ್ಲಿ ಕೂತು ಅದನ್ನು ಎರಡು ಸಲ ಕೇಳಿದೆ. ಪ್ಯಾಕ್ ಅಂದು ಸಂಜೆಗೆ ಮುಗಿಯುವುದಿತ್ತು. 'ನಾನೂ ಇಲ್ಲ' ಎಂದು ಉತ್ತರ ಕಳಿಸಿದೆ. ಕಳಿಸಿದ ಮೇಲೆ ಅದನ್ನು ನಿಜ ಮಾಡಲೇಬೇಕಾಯಿತು. ಫೋನನ್ನು ಡ್ರಾಯರಿಗೆ ಹಾಕಿ, ಹೊಸ ಅಡ್ಮಿಶನ್ನಿನ ಫೈಲುಗಳನ್ನು ಎದುರಿಗೆ ಎಳೆದುಕೊಂಡೆ.

ಸ್ವಲ್ಪ ಹೊತ್ತಿನಲ್ಲಿ ಮೊಣಕೈಯಿಂದ ನಡುಕ ಶುರುವಾಯಿತು. ಪೆನ್ನು ನಿಲ್ಲುತ್ತಿಲ್ಲ. ಬೆರಳು ಮುಟ್ಟಿ ನೋಡಿದೆ, ಮಂಜುಗಡ್ಡೆ. ಸೆರಗು ಹೊದ್ದುಕೊಂಡರೂ ಹಲ್ಲು ಕಟಕಟ. "ಏಸಿಯನ್ನು ಇಷ್ಟು ಜೋರಾಗಿ ಇಟ್ಟವರು ಯಾರು?" ಎಂದು ಎದುರು ಮೇಜಿನ ಮಲಯಾಳಿ ಟೀಚರಿಗೆ ರೇಗಿದೆ.

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. "ಅದು ಯಾವಾಗಲೂ ಹಾಗೇ ಇರುವುದು ಮೇಡಂ" ಎಂದಳು. "ನೀವು ಊರಿಂದ ಬಂದಾಗಿನಿಂದ ಅದರ ಕೆಳಗೇ ಕೂತಿದ್ದೀರಿ."

ಎದ್ದು ಏಸಿ ಆಫ್ ಮಾಡಿ, ಅವಳು ತನ್ನ ಶಾಲು ತಂದು ನನ್ನ ಹೆಗಲಿಗೆ ಹೊದಿಸಿದಳು. ಉಣ್ಣೆಯದು, ಕುತ್ತಿಗೆಗೆ ಚುಚ್ಚುತ್ತಿತ್ತು. ಅದು ಚುಚ್ಚುವುದು ನನಗೆ ತಿಳಿಯುತ್ತಿತ್ತು. "ಏನಾಯಿತು ಮೇಡಂ?" ಎಂದು ಅವಳು ಕೇಳಿದಾಗ, "ನನ್ನ ಅಮ್ಮ ತೀರಿಹೋದಳು" ಎಂದೆ, ಆಗಷ್ಟೇ ಊರಿನಿಂದ ಫೋನು ಬಂದವಳ ಹಾಗೆ.